ಮುಂದಿನ ಜನ್ಮದ ಆಸೆ ನಮಗೆ ಬೇಡ



ನಮ್ಮ ಹಾಸ್ಟೆಲಿನ ಹುಡುಗನೊಬ್ಬನ ಅಪ್ಪ ತೀರಿಕೊಂಡ. ನಾವು ನಾಲ್ಕೈದು ಜನ ಮಣ್ಣಿಗೆ ಹೋಗಿದ್ದೆವು. ಆ ಮನುಷ್ಯ ಬದುಕಿದ್ದಷ್ಟು ಕಾಲ ಊರಲ್ಲಿ ಯಾರ ಮನೇಲಿ ಸಾವಾದರೂ ತಮಟೆ ಬಡಿದವನು. ಸಾವಿನ ಸುದ್ದಿ ಹೊತ್ತು ಹತ್ತು ಹಳ್ಳಿ ಅಲೆದವನು. ಗುಂಡಿ ತೋಡಿದವನು, ಸೌದೆ ಒಡೆದವನು. ಅವನನ್ನು ಹೂಳೋಕೆ ಮಾತ್ರ ಜಾಗ ಇರಲಿಲ್ಲ. ಊರಿನ ಮಸಣದಲ್ಲಿ ನಮ್ಮೋರ ಹೆಣ ಇಳಿಸೋ ಹಾಗಿಲ್ಲ. ಕೊನೆಗೆ ಹಳ್ಳದ ಮಗ್ಗುಲಲ್ಲಿ, ಮಳೆ ಬಂದರೆ ಕೊಚ್ಚಿಹೋಗೋ ಮರಳಲ್ಲಿ ಮಣ್ಣು ಮಾಡಿ ಬಂದೆವು.

ವಾಪಸ್ ಬರುವಾಗ ಊರಿನ ಯಜಮಾನರೊಬ್ಬರು ಜಗಲಿ ಮೇಲೆ ಕೂತುಕೊಂಡೇ ಸಮಾಧಾನ ಹೇಳಿದರು: “ಏನ್ ಮಾಡೋಕಾಯ್ತದೆ ಕಣ್ಲಾ, ಅವನು ಪಡ್ಕೊಂಡು ಬಂದಿದ್ದು ಅಷ್ಟೆ. ಮುಂದಿನ ಜನ್ಮದಲ್ಲಾದ್ರೂ ಒಳ್ಳೆ ಕುಲದಲ್ಲಿ ಹುಟ್ಲಿ.”

ಹನ್ನೊಂದನೇ ದಿನದ ತಿಥಿಗೆ ಹುಡುಗನ ಅವ್ವ ಸಾಲ ಎತ್ತಿದಳು. ದಾಸಯ್ಯ ಬಂದ, ಶಂಖ ಊದಿದ, ಜಾಗಟೆ ಬಡಿದ. ಎಡೆ ಇಟ್ಟರು, ಊಟ ಹಾಕಿದರು. ಸಾಲ ಕೊಟ್ಟವರು ಯಾರು? ಅದೇ ಜಗಲಿ ಮೇಲಿದ್ದ ಯಜಮಾನರು. ಸ್ವರ್ಗ ಮುಂದಿನ ಜನ್ಮದ್ದು, ಬಡ್ಡಿ ಮಾತ್ರ ಈ ಜನ್ಮದ್ದು. ಈಗ ಆ ಹುಡುಗ ಓದು ಬಿಟ್ಟು ಜೀತಕ್ಕೆ ನಿಲ್ಲಬೇಕೋ, ಪರೀಕ್ಷೆ ಬರೆಯಬೇಕೋ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಇಷ್ಟಾದರೂ ನಮ್ಮಲ್ಲೇ ಕೆಲವರು ಹೇಳುತ್ತಾರೆ: “ದೇವರು ದಿಂಡರು ಅವರವರ ಸ್ವಂತ ವಿಷಯ, ಚಳವಳಿಗೆ ಅದ್ಯಾಕೆ? ಭೂಮಿ ಕೇಳೋಣ, ಕೂಲಿ ಕೇಳೋಣ, ಸ್ಕಾಲರ್‌ಶಿಪ್ ಕೇಳೋಣ.” ಸರಿ, ಕೇಳೋಣ. ಆದರೆ ನಮ್ಮಪ್ಪಂದಿರು ಭೂಮಿಯನ್ನು ಇಷ್ಟು ಕಾಲ ಯಾಕೆ ಕೇಳಲಿಲ್ಲ? ಏಟಿನ ಭಯ ಒಂದು. ಇನ್ನೊಂದು, ‘ಇದು ನನ್ನ ಹಣೇಲಿ ಬರೆದದ್ದು’ ಎಂಬ ನಂಬಿಕೆ. ಏಟು ಹೊಡೆಯೋಕೆ ಆಳು ಬೇಕು. ಈ ನಂಬಿಕೆಗೆ ಆಳೂ ಬೇಡ. ನಮ್ಮ ತಲೆಯೊಳಗೇ ಕೂತು ಕಾವಲು ಕಾಯುತ್ತದೆ.

ಈ ಕಾವಲುಗಾರನನ್ನು ಕೂರಿಸಿದವರು ಯಾರು? ನಮ್ಮ ಮೇಷ್ಟರುಗಳು ಹಾಡಿ ಹೊಗಳುವ ಉಪನಿಷತ್ತುಗಳಲ್ಲಿ ಛಾಂದೋಗ್ಯ ಒಂದು. ಒಳ್ಳೆಯ ನಡತೆಯವರು ಬ್ರಾಹ್ಮಣ, ಕ್ಷತ್ರಿಯ, ವೈಶ್ಯರಾಗಿ ಹುಟ್ಟುತ್ತಾರಂತೆ. ಕೆಟ್ಟ ನಡತೆಯವರು ನಾಯಿಯಾಗಿಯೋ ಹಂದಿಯಾಗಿಯೋ ಚಂಡಾಲನಾಗಿಯೋ ಹುಟ್ಟುತ್ತಾರಂತೆ. ಅಲ್ಲಿ ನಮ್ಮನ್ನು ನಿಲ್ಲಿಸಿರುವುದು ನಾಯಿ ಹಂದಿಗಳ ಸಾಲಿನಲ್ಲಿ. ಗೀತೆ ಬೇರೆ, ಸಾವೆಂದರೆ ಹಳೇ ಬಟ್ಟೆ ಕಳಚಿ ಹೊಸದು ಉಟ್ಟಹಾಗೆ ಅನ್ನುತ್ತದೆ. ಬದಲಿಸಲು ಎರಡನೇ ಅಂಗಿ ಇಲ್ಲದ ನಮಗೆ ಈ ಉಪಮಾನ!

ಇದನ್ನು ಒಂದು ನಿಜವಾದ ಸಾವಿನ ಮುಂದಿಟ್ಟು ನೋಡೋಣ. 2000ನೇ ಇಸವಿ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕೋರ್ಟಿನ ಪ್ರಕಾರ ಯಾರ ಮೇಲೂ ತಪ್ಪು ಸಾಬೀತಾಗಲಿಲ್ಲ. ಕರ್ಮ ಸಿದ್ಧಾಂತದ ಪ್ರಕಾರವೋ, ತಪ್ಪಿತಸ್ಥರು ಸಿಕ್ಕಿಯೇ ಇದ್ದಾರೆ: ಬೆಂದು ಹೋದವರೇ! ಹಿಂದಿನ ಜನ್ಮದಲ್ಲಿ ಏನೋ ಮಾಡಿದ್ದಕ್ಕೆ ಈ ಜನ್ಮದಲ್ಲಿ ಸುಟ್ಟುಹೋದರು. ಬೆಂಕಿ ಇಟ್ಟವನು ಬರೀ ನಿಮಿತ್ತ. ಕೊಂದವನನ್ನು ಬಿಟ್ಟು ಸತ್ತವನನ್ನು ಹಿಡಿಯುವ ಇಂಥ ಪೊಲೀಸು ಯಾವ ಲೋಕದಲ್ಲೂ ಇಲ್ಲ.

ನಾವು ಅವ್ವನನ್ನು ಗೇಲಿ ಮಾಡುತ್ತಿಲ್ಲ. ಮಾರಮ್ಮನಿಗೆ ಕೈ ಮುಗಿಯುವಾಗ ಅವಳು ಕೇಳುವುದು ಮೋಕ್ಷವನ್ನಲ್ಲ; ಮಳೆ ಬರಲಿ, ಮಗುವಿನ ಜ್ವರ ಇಳಿಯಲಿ, ಮಗ ಪಾಸಾಗಲಿ ಎಂದು ಕೇಳುತ್ತಾಳೆ. ಎಡೆ ಇಟ್ಟು ಅತ್ತರೆ ಅದು ಅವಳ ಗಂಡನ ಮೇಲಿನ ಪ್ರೀತಿ. ಆ ಕಣ್ಣೀರು ನಿಜ. ಆ ಕಣ್ಣೀರಿನ ಮೇಲೆ ಬಡ್ಡಿ ಎಣಿಸುವವರ ಜೊತೆ ನಮ್ಮ ಜಗಳ. ನಾಲ್ಕಕ್ಷರ ಕಲಿತ ಸೊಕ್ಕಿನಲ್ಲಿ ಅವಳ ದೇವರ ಪಟ ಕಿತ್ತೆಸೆದು ಬಂದರೆ ಚಳವಳಿ ಆಗಲ್ಲ. ಕೂತು ಮಾತಾಡಬೇಕು. ಆ ತಾಳ್ಮೆ ನಮ್ಮಲ್ಲಿ ಕಡಿಮೆ ಎಂದು ಒಪ್ಪಿಕೊಳ್ಳೋಣ.

ಹಾಗಾದರೆ ಸತ್ತ ಮೇಲೆ ಏನಾಗುತ್ತದೆ? ಇದೇ ತರಹದ ಪ್ರಶ್ನೆಯನ್ನು ಮಾಲುಂಕ್ಯಪುತ್ತನೆಂಬ ಭಿಕ್ಕು ಬುದ್ಧನಿಗೆ ಕೇಳಿದ. ಬುದ್ಧ ಒಂದು ಕತೆ ಹೇಳಿದ. ಒಬ್ಬನಿಗೆ ವಿಷದ ಬಾಣ ನಾಟಿದೆ. ವೈದ್ಯ ಬಂದಿದ್ದಾನೆ. ಆದರೆ ಗಾಯಗೊಂಡವನು, ‘ಬಾಣ ಬಿಟ್ಟವನು ಯಾವ ವರ್ಣ, ಯಾವ ಊರು, ಬಿಲ್ಲು ಎಂಥದ್ದು, ಇದೆಲ್ಲ ಗೊತ್ತಾಗೋತನಕ ಬಾಣ ಕೀಳಬೇಡಿ’ ಎಂದು ಹಟ ಹಿಡಿದರೆ? ಉತ್ತರ ಸಿಗುವಷ್ಟರಲ್ಲಿ ಸತ್ತಿರುತ್ತಾನೆ. ನಮ್ಮ ಎದೆಯಲ್ಲಿ ನಾಟಿರುವ ಬಾಣ ಜಾತಿಯದು. ಮೊದಲು ಅದನ್ನು ಕೀಳಬೇಕು.

ಬಾಬಾಸಾಹೇಬರು 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಅವಸರ ಮಾಡಲಿಲ್ಲ. 21 ವರ್ಷ ಓದಿದರು, ಯೋಚಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದರು. ಅಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಒಂದು, ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದು. ಇಷ್ಟು ದೊಡ್ಡ ಸಭೆಯಲ್ಲಿ ಪಿಂಡದ ಮಾತು ಯಾಕೆ ಬಂತು? ನಮ್ಮ ಸಾವನ್ನೂ ಪುರೋಹಿತನ ಕೈಯಿಂದ ಬಿಡಿಸಿಕೊಳ್ಳದೆ ಬದುಕು ನಮ್ಮದಾಗಲ್ಲ ಎಂದು ಅವರಿಗೆ ಗೊತ್ತಿತ್ತು. 1957ರಲ್ಲಿ, ಅವರು ತೀರಿಕೊಂಡ ಮೇಲೆ ಅಚ್ಚಾದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅವರು ಆತ್ಮವನ್ನು ಒಪ್ಪುವುದಿಲ್ಲ. ದೇಹದ ಮಣ್ಣು ಮಣ್ಣಿಗೆ, ನೀರು ನೀರಿಗೆ ಸೇರುತ್ತದೆ. ಹೋದ ಜನ್ಮದ ಲೆಕ್ಕ ಹೊತ್ತು ತರುವ ಆತ್ಮವೇ ಇಲ್ಲದಿದ್ದರೆ ‘ಪಡ್ಕೊಂಡು ಬಂದದ್ದು’ ಎಲ್ಲಿಂದ ಬಂತು?

ಬಾಬಾಸಾಹೇಬರು ಹೋದದ್ದು 1956ರ ಡಿಸೆಂಬರ್ 6ರಂದು. ಮಾರನೇ ದಿನ ಮುಂಬೈಯ ದಾದರ್ ಕಡಲ ದಂಡೆಯಲ್ಲಿ ಬೌದ್ಧ ವಿಧಿಯಂತೆ ಸಂಸ್ಕಾರವಾಯಿತು. ಅಲ್ಲಿ ನೆರೆದ ಜನ ಬರೀ ಅತ್ತು ಮನೆಗೆ ಹೋಗಲಿಲ್ಲ. ಅವರ ಕಳೇಬರದ ಎದುರಿಗೇ ಧಮ್ಮದೀಕ್ಷೆ ತಗೊಂಡರು. ಒಬ್ಬ ಮನುಷ್ಯ ಸತ್ತ ಮೇಲೆ ಏನಾಗುತ್ತಾನೆ ಅನ್ನುವುದಕ್ಕೆ ಇದಕ್ಕಿಂತ ಉತ್ತರ ಬೇಕೆ?

ಹಾಸ್ಟೆಲಿನ ಕೋಣೆಯಲ್ಲಿ ರಾತ್ರಿ ಒಬ್ಬನೇ ಕೂತು, ‘ನಾನು ಯಾಕಾದ್ರೂ ಹುಟ್ಟಿದೆನೋ’ ಎಂದು ಕುಗ್ಗುವ ಗೆಳೆಯನಿಗೂ ಒಂದು ಮಾತು. ಫೇಲಾದದ್ದು, ಅವಮಾನ ಆದದ್ದು ನಿನ್ನ ಕರ್ಮವಲ್ಲ ಕಣಯ್ಯ. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲನನ್ನು ಕಳಕೊಂಡೆವು. ಇನ್ನೊಬ್ಬನನ್ನು ಕಳಕೊಳ್ಳೋಕೆ ನಾವು ತಯಾರಿಲ್ಲ. ಪಕ್ಕದ ರೂಮಿನ ಬಾಗಿಲು ತಟ್ಟು. ನಾವು ಎದ್ದು ಬರುತ್ತೇವೆ. ಬದುಕಿನ ಗುರಿ ಏನೆಂದು ಗ್ರಂಥದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಹಿಂದೆ ಬರುವ ಹುಡುಗ ಹುಡುಗಿಯರು ತಲೆ ಎತ್ತಿ ನಡೆಯೋ ಹಾಗೆ ಮಾಡಿದರೆ ಸಾಕು, ಹುಟ್ಟಿದ್ದಕ್ಕೆ ಅರ್ಥ ಬಂತು.

ಈಗ ಮಾಡಬೇಕಾದ್ದು. ತಿಥಿಗೆಂದು ಯಾರ ಮನೆಯಲ್ಲೂ ಸಾಲ ಎತ್ತದ ಹಾಗೆ ನೋಡಿಕೊಳ್ಳೋಣ. ಸತ್ತವರ ನೆನಪಿಗೆ ಕೇರಿಯ ಮಕ್ಕಳಿಗೆ ಪುಸ್ತಕ ಕೊಡಿಸೋಣ. ಸ್ಮಶಾನದ ಜಾಗಕ್ಕೆ ಊರೂರಿಂದ ತಹಸೀಲ್ದಾರರಿಗೆ ಅರ್ಜಿ ಹಾಕೋಣ; ಜಾಗ ಕೊಡದಿದ್ದರೆ ಕಚೇರಿ ಮುಂದೆ ತಮಟೆ ಬಡಿಯೋಣ. ಇಷ್ಟು ದಿನ ಅವರ ಸಾವಿಗೆ ಬಡಿದ ತಮಟೆ ಇನ್ನು ನಮ್ಮ ಬದುಕಿಗೆ ಬಡಿಯಲಿ. ಆ ಹುಡುಗ ಪರೀಕ್ಷೆ ಬರೆಯಬೇಕು. ಅವನ ಫೀಸಿಗೆ ಈ ಸಭೆಯಲ್ಲೇ ಟವೆಲ್ ಹಾಸುತ್ತಿದ್ದೇವೆ.

ಊರ ಗುಡಿಯೊಳಗೆ ಬಿಡದವರು ಸ್ವರ್ಗದೊಳಗೆ ಬಿಡುತ್ತಾರೆಂದು ಕಾಯುವುದು ಸಾಕು. ನಮಗೆ ಬೇಕಾದದ್ದು ಈ ಜನ್ಮದಲ್ಲೇ ಬೇಕು.

ಜೈ ಭೀಮ್.