‘ಸದ್ದಲೇ’ ಅಂದರೆ ಕಂಪ್ಯೂಟರ್ ಫ್ಯಾನು ಕೇಳೀತೇ?

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕದಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದರೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ನಮ್ಮ ಲ್ಯಾಬಿನಲ್ಲಿ ಸರ್ ‘ಸೈಲೆನ್ಸ್’ ಎಂದಾಗ ನಾವೂ ಸುಮ್ಮನಾಗುತ್ತೇವೆ. ಸಿಪಿಯು ಡಬ್ಬಗಳು ಮಾತ್ರ ಆಗುವುದಿಲ್ಲ. ಹಿಂದಿನ ಬೆಂಚಿನವರಿಗೆ ಸರ್ ಹೇಳಿದ ಪೈಥಾನ್ ಸಾಲು ಅರ್ಧ ಕೇಳುತ್ತದೆ, ಉಳಿದರ್ಧ ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳಬೇಕು. ಲ್ಯಾಬಿಗೆ ಹೊಸ ಕಂಪ್ಯೂಟರ್ ತರುವ ಮಾತು ನಡೆದಿರುವ ಈ ಹೊತ್ತಿನಲ್ಲಿ ನನ್ನದೊಂದು ಒತ್ತಾಯ: ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಎಂದು ಕೇಳುವಂತೆಯೇ ಸದ್ದು ಎಷ್ಟು ಎಂದೂ ಕೇಳಬೇಕು.

ಇದನ್ನು ಶ್ರೀಮಂತರ ಷೋಕಿ ಎಂದುಕೊಳ್ಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಪಾಠ ನಡೆಯುವ ಕೋಣೆಯ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು ಎಂದಿದೆ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಶಾಲೆ ಕಾಲೇಜುಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು, ಅಲ್ಲಿ ಹಗಲಿನ ಮಿತಿ 50 ಡೆಸಿಬಲ್. ಹೊರಗಿನ ಹಾರ್ನ್‌ಗೆ ಬೋರ್ಡು ಹಾಕಿ, ಒಳಗೆ ನಾವೇ ಇಪ್ಪತ್ತು ಫ್ಯಾನು ತಿರುಗಿಸುತ್ತೇವೆ. ಒಂದೇ ಬಗೆಯ 20 ಯಂತ್ರಗಳ ಸದ್ದು ಸೇರಿದರೆ ಒಂದರ ಸದ್ದಿಗಿಂತ ಸುಮಾರು 13 ಡೆಸಿಬಲ್ ಹೆಚ್ಚಾಗುತ್ತದೆ. 10 ಡೆಸಿಬಲ್ ಏರಿದರೆ ಕಿವಿಗೆ ಸದ್ದು ಎರಡು ಪಟ್ಟಾದಂತೆ ಅನ್ನಿಸುತ್ತದೆ.

ಮನೆಯ ಲೆಕ್ಕ ಇನ್ನೂ ಮುಖ್ಯ. ನಮ್ಮಲ್ಲಿ ಬಹುಪಾಲು ಜನರ ಮನೆಯಲ್ಲಿ ಓದುವ ಕೋಣೆ ಬೇರೆ, ಮಲಗುವ ಕೋಣೆ ಬೇರೆ ಎಂಬುದಿಲ್ಲ. ಒಂದೇ ಪಡಸಾಲೆ. ಈಚಿನ ವರ್ಷಗಳಲ್ಲಿ ರಂಜಾನ್ ಮತ್ತು ವಾರ್ಷಿಕ ಪರೀಕ್ಷೆ ಕೂಡಿಯೇ ಬರುತ್ತಿವೆ. ಸಹರಿ ಮುಗಿಸಿ, ಫಜರ್ ನಮಾಜ್ ಮಾಡಿ, ಮನೆಯವರೆಲ್ಲ ಮತ್ತೆ ಸ್ವಲ್ಪ ಹೊತ್ತು ಒರಗುವ ಆ ಎರಡು ತಾಸು ಓದಿಗೆ ಬಂಗಾರದಂಥವು. ಆಗ ಗುರ್ ಎನ್ನುವ ಡೆಸ್ಕ್‌ಟಾಪ್ ಹಚ್ಚಿದರೆ ದಾದಿ ಎದ್ದು ಕೂರುತ್ತಾರೆ. ‘ಬಂದ್ ಕರೋ ಬೇಟಾ’ ಎಂದ ಮೇಲೆ ಮುಗಿಯಿತು. ಅಬ್ಬಾ ಸಾಲ ಮಾಡಿ ತಂದ ಯಂತ್ರ ಬಟ್ಟೆ ಹೊದ್ದು ಕೂರುತ್ತದೆ, ಮೊಬೈಲ್ ಕೈಗೆ ಬರುತ್ತದೆ. ಇಂಥ ಮನೆಗಳು ಕೊಟ್ಟೂರಿನಲ್ಲೂ ಇವೆ, ಹರಪನಹಳ್ಳಿಯಲ್ಲೂ ಇವೆ.

ಇನ್ನು ಏನು ಕೊಳ್ಳಬೇಕು ಎಂಬ ವಿಷಯ. ಇಲ್ಲಿ ಪರದೇಶದವರ ಸಲಹೆಯನ್ನು ಕಣ್ಣುಮುಚ್ಚಿ ನಂಬಿದರೆ ಕೆಡುತ್ತೇವೆ. ಅವರ ಕೋಣೆ 22 ಡಿಗ್ರಿ, ನಮ್ಮದು ಏಪ್ರಿಲ್‌ನಲ್ಲಿ 40ರ ಹತ್ತಿರ. ಗಾಳಿ ಊದಿ ತಣಿಸುವ ಯಾವ ಕೂಲರ್ ಕೂಡ ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಚಿಪ್ಪು ಕೋಣೆಗಿಂತ 40 ಡಿಗ್ರಿ ಹೆಚ್ಚು ಕಾಯುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿ 62, ಇಲ್ಲಿ 80. ಅಲ್ಲಿ ಪಿಸುಗುಟ್ಟುವ ಫ್ಯಾನು ಇಲ್ಲಿ ಗಾಬರಿಯಾಗಿ ಓಡುತ್ತದೆ. ಅದಕ್ಕೇ ಮೊದಲ ಕೆಲಸ ಕಡಿಮೆ ಕಾಯುವ ಚಿಪ್ಪನ್ನು ಆರಿಸುವುದು. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್ 65 ವಾಟ್‌ನದು. ಇಂಟೆಲ್ ಎನ್100 ಎಂಬುದು 6 ವಾಟ್‌ನದು. ಪೈಥಾನ್, ಡೇಟಾಬೇಸ್, ಟೈಪಿಂಗ್, ಬ್ರೌಸಿಂಗ್, ಇಷ್ಟೇ ತಾನೆ ನಮ್ಮ ಕೆಲಸ? ಅದಕ್ಕೆ ಇದು ಧಾರಾಳವಾಗಿ ಸಾಕು. ಹುಟ್ಟದ ಶಾಖವನ್ನು ಹೊರಗೆ ಸಾಗಿಸುವ ತಾಪತ್ರಯವೂ ಇಲ್ಲ.

ವಿಡಿಯೊ ಎಡಿಟಿಂಗ್, ಗೇಮಿಂಗ್ ಎನ್ನುವವರಿಗೆ ದೊಡ್ಡ ಚಿಪ್ಪು ಬೇಕಾಗಬಹುದು. ಅಂಥವರು ಪೆಟ್ಟಿಗೆಯೊಂದಿಗೆ ಬರುವ ಸಣ್ಣ ಫ್ಯಾನನ್ನು ಬಿಟ್ಟು, ತಾಮ್ರದ ಕೊಳವೆಗಳಿರುವ ಟವರ್ ಕೂಲರ್ ಹಾಕಿಸಲಿ. ಆ ಕೊಳವೆಯೊಳಗೆ ಒಂದಿಷ್ಟು ದ್ರವ ಇರುತ್ತದೆ. ಚಿಪ್ಪಿನ ಕಡೆ ಆವಿಯಾಗಿ, ಆಚೆ ತುದಿಯಲ್ಲಿ ತಣ್ಣಗಾಗಿ ಮತ್ತೆ ದ್ರವವಾಗಿ ಹಿಂದಿರುಗುತ್ತದೆ. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಗುಪ್ತೋಷ್ಣ ಎಂದು ಬಾಯಿಪಾಠ ಮಾಡಿದ್ದೇವಲ್ಲ, ಅದೇ. ಅದಕ್ಕೆ 120 ಮಿಲಿಮೀಟರಿನ ಫ್ಯಾನು. ದೊಡ್ಡ ರೆಕ್ಕೆ ನಿಧಾನ ತಿರುಗಿದರೂ ಸಾಕಷ್ಟು ಗಾಳಿ ತಳ್ಳುತ್ತದೆ. ಒಂದು ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯೂ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತದೆ. ಇಷ್ಟು ಲಾಭದ ವ್ಯಾಪಾರ ಬೇರೆಲ್ಲೂ ಸಿಗದು.

ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಕಂದು ಬಣ್ಣದ ಫ್ಯಾನುಗಳಿಗೆ ಲೋಕವೆಲ್ಲ ಹೆಸರು. ನಿಮಿಷಕ್ಕೆ 2000 ಸುತ್ತು ತಿರುಗಿದರೂ 22.6 ಡೆಸಿಬಲ್ ಎಂದು ಕಂಪನಿಯೇ ತನ್ನ 120 ಮಿಲಿಮೀಟರಿನ ಒಂದು ಮಾದರಿಗೆ ಬರೆದಿದೆ. ಒಳ್ಳೆಯದೇ, ಆದರೆ ಬೆಲೆ ನಮ್ಮ ಎಟುಕಿಗಲ್ಲ. ಆರ್ಕ್ಟಿಕ್‌ನ ಪಿ12 ಅದಕ್ಕಿಂತ ಬಹಳ ಅಗ್ಗ, ನಿಧಾನ ವೇಗದಲ್ಲಿ ನಮಗೆ ಸಾಕು. ಬಣ್ಣಬಣ್ಣದ ಲೈಟಿನ ಫ್ಯಾನು ಮೂರು ತರುವ ದುಡ್ಡಿನಲ್ಲಿ ಸದ್ದಿಲ್ಲದ ಒಂದು ತರುವುದು ಜಾಣತನ. (ಲೈಟು ಬೇಕಿದ್ದವರು ಕೊಟ್ಟೂರು ತೇರಿಗೆ ಹೋಗಲಿ.) ಬೇರಿಂಗ್ ಯಾವುದು ಎಂದೂ ಕೇಳಿ. ಅಗ್ಗದ ಸ್ಲೀವ್ ಬೇರಿಂಗ್‌ನ ಎಣ್ಣೆ ನಮ್ಮ ಸೆಕೆಗೆ ಬೇಗ ಒಣಗಿ ಗರಗರ ಶುರುವಾಗುತ್ತದೆ. ನೀರು ಹರಿಸುವ ಲಿಕ್ವಿಡ್ ಕೂಲಿಂಗ್ ನಮಗೆ ಬೇಡವೇ ಬೇಡ. ಅದಕ್ಕೂ ಫ್ಯಾನು ಬೇಕು, ಮೇಲೆ ಪಂಪಿನ ಸದ್ದು. ಕೆಟ್ಟರೆ ಕೂಡ್ಲಿಗಿಯಲ್ಲಾಗಲಿ ಹಗರಿಬೊಮ್ಮನಹಳ್ಳಿಯಲ್ಲಾಗಲಿ ಬಿಚ್ಚಿ ನೋಡುವವರು ಯಾರು? ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದರೆ ತಿರುಗುವ ಇನ್ನೊಂದು ಭಾಗ ಕಡಿಮೆಯಾಗುತ್ತದೆ.

ಕ್ಯಾಬಿನೆಟ್ ವಿಷಯಕ್ಕೆ ನಮ್ಮ ಹಳೆಯ ಮಾಳಿಗೆ ಮನೆಗಳೇ ಗುರು. ಬಾಗಿಲಲ್ಲಿ ತಂಪು ಗಾಳಿ ಬರುತ್ತದೆ, ಬಿಸಿಗಾಳಿ ಮೇಲಿನ ಗವಾಕ್ಷಿಯಿಂದ ಹೋಗುತ್ತದೆ. ಕ್ಯಾಬಿನೆಟ್ಟಿಗೂ ಮುಂದೆ ಕೆಳಗೆ ಒಂದು ದಾರಿ, ಹಿಂದೆ ಮೇಲೆ ಒಂದು ದಾರಿ ಇರಬೇಕು. ಮುಂದೆ ಗಾಜು ಮುಚ್ಚಿದ ಚಂದದ ಡಬ್ಬ ತಂದರೆ ಕಿಟಕಿಯಿಲ್ಲದ ಮನೆ ಕಟ್ಟಿದಂತೆ. ಮುಂದಿನ ಜಾಲರಿಗೆ ಧೂಳಿನ ಫಿಲ್ಟರ್ ಇರಲೇಬೇಕು. ನಮ್ಮ ಕೆಂಪು ಮಣ್ಣಿನ ಧೂಳು ಹೀಟ್‌ಸಿಂಕಿನ ಸಂದಿಗಳಲ್ಲಿ ಕೂತರೆ ಎಂಥ ಕೂಲರ್ ಇದ್ದರೂ ಪ್ರಯೋಜನವಿಲ್ಲ. ಡಬ್ಬದ ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಹಿಡಿಯುವ ನಮ್ಮೂರ ಉಪಾಯ ಧೂಳಿಗೆ ದಾವತ್ ಕೊಟ್ಟಂತೆ.

ಒಂದು ಆಕ್ಷೇಪ ನಿಜವೇ ಇದೆ. ತಲೆಯ ಮೇಲೆ ಸೀಲಿಂಗ್ ಫ್ಯಾನು ಬಡಬಡಿಸುತ್ತಿರುವಾಗ ಕಂಪ್ಯೂಟರ್ ಸದ್ದು ಯಾರಿಗೆ ಕೇಳಬೇಕು? ಬೇಸಿಗೆಯಲ್ಲಿ ಇದನ್ನು ಒಪ್ಪುತ್ತೇನೆ. ಪೂರ್ತಿ ನಿಶ್ಶಬ್ದಕ್ಕಾಗಿ ಸಾವಿರಾರು ರೂಪಾಯಿ ಸುರಿಯುವುದು ನಮಗೆ ದಂಡ, ಸೀಲಿಂಗ್ ಫ್ಯಾನಿಗಿಂತ ಕಡಿಮೆ ಸದ್ದು ಮಾಡಿದರೆ ಸಾಕು. ಆದರೆ ನವೆಂಬರಿನಿಂದ ಫೆಬ್ರವರಿವರೆಗೆ, ಅಂದರೆ ಪ್ರಾಯೋಗಿಕ ತರಗತಿಗಳ ಒತ್ತಡದ ದಿನಗಳಲ್ಲಿ, ಸೀಲಿಂಗ್ ಫ್ಯಾನು ಹೆಚ್ಚಾಗಿ ಬಂದ್ ಇರುತ್ತದೆ. ಅಲ್ಲದೆ ಸೀಲಿಂಗ್ ಫ್ಯಾನಿನದು ಒಂದೇ ಸಮನೆ ದಪ್ಪ ದನಿ, ಕಿವಿ ಒಗ್ಗುತ್ತದೆ. ಸಿಪಿಯು ಫ್ಯಾನಿನದು ಏರುತ್ತ ಇಳಿಯುತ್ತ ಕೀರಲು ದನಿ, ಅದು ಸೊಳ್ಳೆಯ ಹಾಗೆ ಗಮನವನ್ನೇ ಕಚ್ಚುತ್ತದೆ.

ಹೊಸದು ಬರುವವರೆಗೆ ಹಳೆಯವುಗಳಿಗೂ ಮದ್ದಿದೆ, ಖರ್ಚು ತೀರ ಕಡಿಮೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ವರ್ಷಗಳಲ್ಲಿ ಒಣಗಿ ಸುಣ್ಣದಂತಾಗಿರುತ್ತದೆ. ಕೆಲವು ನೂರು ರೂಪಾಯಿಯ ಒಂದು ಟ್ಯೂಬಿನಲ್ಲಿ ಹಲವು ಯಂತ್ರಗಳಿಗೆ ಹೊಸ ಪೇಸ್ಟ್ ಹಚ್ಚಬಹುದು. ಕರೆಂಟ್ ತೆಗೆದು, ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು, ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯುವುದು ನಮಗೇ ಬರುವ ಕೆಲಸ. ಬಯೋಸ್‌ನಲ್ಲಿ ಫ್ಯಾನಿನ ವೇಗ ಯಾವ ಬಿಸಿಗೆ ಎಷ್ಟು ಎಂದು ಗೊತ್ತುಪಡಿಸುವ ಜಾಗವಿರುತ್ತದೆ. ಒಂದೆರಡು ಡಿಗ್ರಿ ಏರಿದ ಕೂಡಲೇ ಕಿರುಚದಂತೆ ಅಲ್ಲಿ ಹೇಳಿಡಬಹುದು, ಅದಕ್ಕೆ ಒಂದು ಪೈಸೆಯೂ ಬೇಡ. ನಾಲ್ಕು ಪಿನ್ನಿನ ಫ್ಯಾನು ಇದ್ದರೆ ಇದು ಸಲೀಸು. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಇದನ್ನೇ ಒಂದು ಪ್ರಾಯೋಗಿಕ ತರಗತಿ ಮಾಡಿದರೆ ಒಂದು ಶನಿವಾರ ಸಾಕು, ಸರ್ ಒಪ್ಪಬೇಕಷ್ಟೆ.

ಆಡಳಿತ ಮಂಡಳಿಯವರಲ್ಲಿ ಕೋರುವುದಿಷ್ಟು. ಹೊಸಪೇಟೆ, ದಾವಣಗೆರೆ ಅಥವಾ ಬೆಂಗಳೂರಿನ ಎಸ್‌ಪಿ ರೋಡ್, ಎಲ್ಲಿಂದಲೇ ಕೊಟೇಷನ್ ತರಿಸಿದರೂ ಅದರಲ್ಲಿ ಮೂರು ವಿಷಯ ಬರೆಸಿ: ಪ್ರೊಸೆಸರ್ ಎಷ್ಟು ವಾಟ್, ಫ್ಯಾನು ಎಷ್ಟು ಮಿಲಿಮೀಟರ್, ಧೂಳಿನ ಫಿಲ್ಟರ್ ಇದೆಯೋ ಇಲ್ಲವೋ. ಮೊದಲು ಒಂದೇ ಒಂದು ಯಂತ್ರ ತರಿಸಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಲೈಬ್ರರಿಯ ಮೂಲೆಯಲ್ಲಿ ಹಚ್ಚಿಟ್ಟು, ಪಕ್ಕದಲ್ಲಿ ಕೂತು ಒಂದು ತಾಸು ಪುಸ್ತಕ ಓದಿ ನೋಡಿ. ಉಳಿದ ಹತ್ತೊಂಬತ್ತರ ಆರ್ಡರ್ ಆಮೇಲೆ ಕೊಡಬಹುದು.