ಅಲೆ ಯಾರದ್ದು, ಅಪ್ಪಣೆ ಯಾರದ್ದು?

ಕೈಗೊಂದು ಮೊಬೈಲ್ ಬಂದ ಮೇಲೆ ರೇಡಿಯೊ ಪರವಾನಗಿಯ ಮಾತೇಕೆ ಎಂದು ನಗುವವರು ದಿಂಬಂ ಘಾಟಿಯ 27 ತಿರುವು ಹತ್ತುವಾಗ ತಮ್ಮ ಫೋನಿನಲ್ಲಿ ಸಿಗ್ನಲ್ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಲಿ.

ಆ ಘಾಟಿ ಹತ್ತಿದರೆ ಸಿಗುವ ತಾಳವಾಡಿಯ ಮನೆಮಾತು ಕನ್ನಡ, ಆಡಳಿತ ತಮಿಳುನಾಡಿನ ಈರೋಡಿನದು. ಅಲ್ಲಿನವರು ತಮ್ಮೂರಿನ ಸುದ್ದಿಯನ್ನು ತಮ್ಮ ಮಾತಿನಲ್ಲಿ, ತಮ್ಮದೇ ಬಾನುಲಿಯಲ್ಲಿ ಹೇಳಿಕೊಳ್ಳುವುದು ಹಕ್ಕು; ಸರ್ಕಾರ ದಯಪಾಲಿಸುವ ರಿಯಾಯಿತಿಯಲ್ಲ. ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ, ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಹೇಳಿತು. ಆದರೂ 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದ ಕೇಂದ್ರ, 100 ವಾಟಿನ ಆ ಪುಟ್ಟ ಕೇಂದ್ರಗಳು ಸ್ವಂತ ಸುದ್ದಿ, ಪ್ರಚಲಿತ ವಿದ್ಯಮಾನ ಬಿತ್ತರಿಸಕೂಡದೆಂದಿತು. ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದು, ಅಷ್ಟೆ. ಹವಾಮಾನಕ್ಕೆ, ರಸ್ತೆ ಸಂಚಾರದ ಮಾಹಿತಿಗೆ ಅಡ್ಡಿಯಿಲ್ಲ. ಅಂದರೆ ದಿಂಬಂನಲ್ಲಿ ರಾತ್ರಿ ವಾಹನ ಬಿಡುವುದಿಲ್ಲವೆಂದು ಸಾರಬಹುದು; ಅದರಿಂದ ಕೋಸು, ಟೊಮೆಟೊ ಬೆಳೆದವನ ಗತಿಯೇನೆಂದು ಕೇಳಿದರೆ ಅದು ಪ್ರಚಲಿತ ವಿದ್ಯಮಾನ!

ದನಿಯಿಲ್ಲದಿರುವುದರ ಬೆಲೆ ಈ ಸೀಮೆಗೆ ಗೊತ್ತು. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಇಲ್ಲಿಯದೇ ಗಾಜನೂರಿನಿಂದ ನಟ ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಆ 108 ದಿನ ಕಾಡಿನಿಂದ ಬಂದ ಕ್ಯಾಸೆಟ್ಟುಗಳಿಗೆ ಎರಡು ಸರ್ಕಾರಗಳು ಕಿವಿಗೊಟ್ಟು ಕೂತವು. ಕಾಡುಗಳ್ಳನ ಮಾತು ನಾಡಿಗೆಲ್ಲ ಮುಟ್ಟಿತು. ಅವನನ್ನು ಹುಡುಕುವ ಹೆಸರಿನಲ್ಲಿ ವಿಶೇಷ ಕಾರ್ಯಪಡೆಯ ಚಿತ್ರಹಿಂಸೆ ಉಂಡ ಕಾಡಂಚಿನ ಬಡವರ ಮಾತು ಮುಟ್ಟಲು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯೇ ಬರಬೇಕಾಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಿಸಲು ಹೇಳಿದ್ದು 2007ರಲ್ಲಿ. ಊರಿಗೊಂದು ರೇಡಿಯೊ ಇದ್ದಿದ್ದರೆ ಲಾಠಿ ನಿಲ್ಲುತ್ತಿತ್ತು ಎನ್ನಲಾರೆ. ಪಕ್ಕದ ಹಳ್ಳಿಗಾದರೂ ಗೊತ್ತಾಗುತ್ತಿತ್ತು.

ತೂಕದ ಆಕ್ಷೇಪ ಒಂದಿದೆ. 1994ರಲ್ಲಿ ರುವಾಂಡಾದ ರೇಡಿಯೊ ಕೇಂದ್ರವೊಂದು ನೆರೆಯವರನ್ನು ಕೊಲ್ಲಲು ಜನರನ್ನು ಹುರಿದುಂಬಿಸಿತು. 1991ರಲ್ಲೂ 2016ರಲ್ಲೂ ಕಾವೇರಿ ಗಲಭೆ ಕಂಡ ಎರಡು ರಾಜ್ಯಗಳ ಗಡಿಯಲ್ಲಿ ಒಂದು ಸುಳ್ಳುಸುದ್ದಿ ಬಸ್ಸಿಗೆ ಬೆಂಕಿ ಹಚ್ಚೀತು. ಒಪ್ಪುತ್ತೇನೆ; ನಿಯಂತ್ರಣವೇ ಬೇಡ ಎನ್ನುವವನು ನಾನಲ್ಲ. ಒಂದೇ ತರಂಗಾಂತರದ ಮೇಲೆ ಇಬ್ಬರು ಮಾತಾಡಿದರೆ ಇಬ್ಬರದೂ ಕೇಳಿಸದು, ಹಂಚಿಕೊಡುವವರು ಬೇಕೇ ಬೇಕು. ಆದರೆ ಹಗಲಿರುಳು ಕಿರುಚುವ ಟಿವಿ ಚಾನೆಲ್ಲುಗಳಿಗೆ ಸುದ್ದಿಯ ಪರವಾನಗಿ ಕೊಟ್ಟ ಸರ್ಕಾರ, ಕೆಲವೇ ಹಳ್ಳಿಗಳಿಗೆ ಕೇಳಿಸುವ ಬಾನುಲಿಗೆ ಮಾತ್ರ ಶಾಂತಿಭಂಗದ ನೆಪ ಹೇಳುವುದು ನಾಚಿಕೆಗೇಡು. ಪ್ರಸಾರವಾದ ಪ್ರತಿ ಮಾತಿನ ಧ್ವನಿಮುದ್ರಣ ಇಡಿಸಿ. ದ್ವೇಷ ಬಿತ್ತಿದವರನ್ನು ಕೋರ್ಟಿಗೆ ಎಳೆಯಿರಿ. ಸಂವಿಧಾನದ 19(2)ನೇ ವಿಧಿಯಲ್ಲಿ ಅದಕ್ಕೆ ಬೇಕಾದಷ್ಟು ಅಧಿಕಾರವಿದೆ.