ಓಡುತ್ತಲೇ ನಿಲ್ಲುವ ಎಂಜಿನ್

ಕೆಟ್ಟು ನಿಂತ ಕಾರನ್ನು ಸರಿಪಡಿಸುವುದು ಸುಲಭ. ಕೆಡುತ್ತ, ಮತ್ತೆ ತಾನೇ ಸರಿಹೋಗುತ್ತ ಇರುವ ಕಾರಿನದೇ ತಲೆನೋವು. ಕನಕಪುರದಿಂದ ರಾಮನಗರಕ್ಕೆ ಹೊರಟ ಕಾರು ನಡುದಾರಿಯಲ್ಲಿ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಮೆಕ್ಯಾನಿಕ್ ಎದುರು ಮಾತ್ರ ಬಲು ಸಂಭಾವಿತ! ಆತ ಪ್ಲಗ್ ಬದಲಿಸುತ್ತಾನೆ, ಫಿಲ್ಟರ್ ಬದಲಿಸುತ್ತಾನೆ. ಹಣ ಹೋಗುತ್ತದೆ, ರೋಗ ಉಳಿಯುತ್ತದೆ.

ಪೆಟ್ರೋಲ್ ಎಂಜಿನ್ ಓಡಲು ಗಾಳಿ, ಇಂಧನ, ಕಿಡಿ ಮೂರೂ ಬೇಕು. ಓಡುತ್ತಿದ್ದುದು ನಿಂತರೆ ಸಾಮಾನ್ಯವಾಗಿ ಕೈಕೊಟ್ಟಿರುವುದು ಇಂಧನ, ಇಲ್ಲವೆ ವಿದ್ಯುತ್ತು. ನಿಂತ ಬಗೆಯೇ ಮೊದಲ ಸುಳಿವು. ಸ್ವಿಚ್ ಆರಿಸಿದಂತೆ ಥಟ್ಟನೆ ನಿಂತಿತೇ? ವಿದ್ಯುತ್ತಿನ ಕಡೆ ನೋಡಬೇಕು. ಜಗ್ಗಿ ಜಗ್ಗಿ, ಶಕ್ತಿ ಕುಂದಿ ನಿಂತಿತೇ? ಇಂಧನದ ಕಡೆ ನೋಡಬೇಕು.

ಎರಡನೆಯ ಸುಳಿವು ಬಿಸಿ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಚಾಲಕರು ಬೇಸಿಗೆಯಲ್ಲಿ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಪಂಪು ಎಂಜಿನ್ನಿಗೇ ಅಂಟಿಕೊಂಡಿದ್ದುದರಿಂದ ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿ ಹರಿವು ನಿಲ್ಲುತ್ತಿತ್ತು. ಈಗ ಪಂಪು ಟ್ಯಾಂಕಿನೊಳಗೇ ಇದ್ದು ಒತ್ತಡದಿಂದ ಪೆಟ್ರೋಲ್ ನೂಕುವುದರಿಂದ ಆ ಕಾಟ ಬಹಳ ಕಡಿಮೆ. ಆದರೆ ಬಿಸಿಯ ಕಾಟ ಬೇರೆಡೆ ಉಳಿದಿದೆ. ಕ್ರ್ಯಾಂಕ್‌ಶಾಫ್ಟ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಒಂದು ಸೆನ್ಸರ್ ಇರುತ್ತದೆ. ಹಲವು ಕಾರುಗಳಲ್ಲಿ ಅದರೊಳಗೆ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ. ಬಿರುಕು ಬಿಟ್ಟ ತಂತಿ ಕಾದು ಹಿಗ್ಗಿದಾಗ ಸಂಪರ್ಕ ಬಿಡುತ್ತದೆ, ತಣಿದಾಗ ಕೂಡುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಳಿಯುವ ಅರಗು ಉಜ್ಜಿದ ಬಿಸಿಗೆ ಮೆತ್ತಗಾಗಿ, ತಣಿದೊಡನೆ ಮತ್ತೆ ಗಟ್ಟಿಯಾಗುವುದಿಲ್ಲವೇ? ಹಾಗೆಯೇ ತಣ್ಣಗಿರುವಾಗ ಪರೀಕ್ಷಿಸಿದರೆ ಸೆನ್ಸರ್ ನಿರ್ದೋಷಿ. ಕಾರು ಇನ್ನೂ ಗೇರಿನಲ್ಲಿ ಉರುಳುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದರೆ ಮೊದಲ ಸಂಶಯ ಇದರ ಮೇಲೆಯೇ.

ಮಾಗಡಿ ಕಡೆಯ ಹಳ್ಳಿದಾರಿಯ ಗುಂಡಿಗಳಲ್ಲಿ ಕುಲುಕಿದಾಗಲೇ ನಿಲ್ಲುವುದಾದರೆ ಸಡಿಲ ಸಂಪರ್ಕ ಹುಡುಕಬೇಕು: ಬ್ಯಾಟರಿ ಟರ್ಮಿನಲ್, ಅರ್ತ್ ತಂತಿ, ಪಂಪಿನ ರಿಲೇ, ಭಾರದ ಕೀಲಿಗೊಂಚಲು ನೇತಾಡಿ ಸವೆದ ಇಗ್ನಿಷನ್ ಸ್ವಿಚ್. ಏರಿನಲ್ಲಿ, ವೇಗದಲ್ಲಿ ಮಾತ್ರ ಸೊರಗಿದರೆ ಕಟ್ಟಿದ ಫಿಲ್ಟರ್ ಅಥವಾ ದಣಿದ ಪಂಪು. ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿ ಬುಸ್ಸೆಂದು ಒಳನುಗ್ಗಿ, ಆಮೇಲೆ ಕಾರು ಸರಿಯಾಗಿ ಓಡಿದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದೆ ಎಂದರ್ಥ.

ಆದ್ದರಿಂದ ಬಿಡಿಭಾಗಕ್ಕೆ ಹಣ ತೆರುವ ಮೊದಲು ಒಂದು ಚೀಟಿ ಬರೆಯಿರಿ. ಎಷ್ಟು ದೂರ ಓಡಿದ ಮೇಲೆ ನಿಂತಿತು? ಬಿಸಿಲೋ ಮಳೆಯೋ? ಟ್ಯಾಂಕಿನಲ್ಲಿ ಎಷ್ಟಿತ್ತು? ಎಷ್ಟು ಹೊತ್ತಿಗೆ ಮತ್ತೆ ಹೊರಟಿತು? ನಾಲ್ಕೈದು ಸಲದ ಚೀಟಿಯಲ್ಲಿ ಕಳ್ಳನ ಹೆಜ್ಜೆ ಕಾಣುತ್ತದೆ. ಸ್ಕ್ಯಾನರ್ ತೋರಿಸುವ ಕೋಡ್ ಸಹ ಯಾವ ಸರ್ಕೀಟಿನಲ್ಲಿ ತೊಂದರೆ ಎಂದು ಹೇಳುತ್ತದೆಯೇ ಹೊರತು ಯಾವ ಭಾಗ ಬದಲಿಸಬೇಕೆಂದು ಹೇಳುವುದಿಲ್ಲ. ಎಂಜಿನ್ ನಿಂತಿರುವ ಆ ಹತ್ತು ನಿಮಿಷದಲ್ಲೇ ಕಿಡಿ ಇದೆಯೇ, ಪೆಟ್ರೋಲಿನ ಒತ್ತಡ ಇದೆಯೇ ಎಂದು ಮೆಕ್ಯಾನಿಕ್ ಅಳೆದು ನೋಡಿದರೆ ಅರ್ಧ ರೋಗ ಗೊತ್ತಾದಂತೆ.

ಇದು ಬರೀ ಹಣದ ಪ್ರಶ್ನೆಯಲ್ಲ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳ ಹೊರಗೆ ಹಾದುಹೋಗುತ್ತದೆ. ಅಲ್ಲಿನ ವೇಗದಲ್ಲಿ ಎಂಜಿನ್ ಆರಿದರೆ ಸ್ಟೀರಿಂಗ್ ಬಿಗಿಯಾಗುತ್ತದೆ. ಬ್ರೇಕಿಗೆ ನೆರವಾಗುವ ನಿರ್ವಾತ ಎರಡು ಮೂರು ಸಲ ತುಳಿಯುವುದರಲ್ಲಿ ಮುಗಿಯುತ್ತದೆ. ಬ್ರೇಕನ್ನು ಮತ್ತೆ ಮತ್ತೆ ತುಳಿಯದೆ ಒಂದೇ ಸಮ ಒತ್ತಿ ಹಿಡಿಯಬೇಕು. ನಾಲ್ಕೂ ಇಂಡಿಕೇಟರ್ ಹಾಕಿ ಎಡಕ್ಕೆ ಸರಿಯಬೇಕು. ಕಾರು ಪೂರ್ತಿ ನಿಲ್ಲುವವರೆಗೆ ಕೀಲಿಯನ್ನು ಹೊರಗೆ ಎಳೆಯಲೇಬಾರದು, ಸ್ಟೀರಿಂಗ್ ಲಾಕ್ ಆದೀತು. ಒಮ್ಮೆ ಹೀಗಾದ ಕಾರನ್ನು, ಕಾರಣ ಸಿಗುವವರೆಗೆ, ಹೆದ್ದಾರಿಗೆ ಇಳಿಸದಿರುವುದೇ ಜಾಣತನ.